ಕಣ್ಣಾಣೆ ಮಾಡಿಸಿದ ಪಾಠ

ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ಬಿ.ಪಿ. ಇರುತ್ತದೆ. ನನಗಿರುವುದು ಹೌಹಾರುವ ಕಾಯಿಲೆ. ಇದಕ್ಕೆ ಮಾತ್ರೆಯೂ ಇಲ್ಲ, ಪಥ್ಯವೂ ಇಲ್ಲ. ಹಾಲು ಉಕ್ಕಿದರೆ ಅಯ್ಯೋ ಎನ್ನುತ್ತೇನೆ. ಇಷ್ಟು ಹೊತ್ತಾದರೂ ಉಕ್ಕಲಿಲ್ಲವಲ್ಲ, ಒಡೆದುಹೋಯಿತೇನೋ ಎಂದುಕೊಂಡು ಅದಕ್ಕೂ ಅಯ್ಯೋ ಎನ್ನುತ್ತೇನೆ. ನನ್ನ ಅಯ್ಯೋ ಸಣ್ಣದೂ ಅಲ್ಲ. ಪಾಠ ಹೇಳಿ ಹೇಳಿ ಪಳಗಿದ ಗಂಟಲು. ಅಡುಗೆಮನೆಯಲ್ಲಿ ಹೊರಟರೆ ಕಾಫಿ ಒಣಗಿಸುವ ಕಣ ದಾಟಿ ಪಕ್ಕದ ತೋಟದ ಬೇಲಿಯವರೆಗೆ ಕೇಳಿಸುತ್ತದೆ. ಮದುವೆಯಾಗಿ ಬಂದ ಹೊಸತರಲ್ಲಿ ಇದಕ್ಕೆ ಬಹಳ ಬೆಲೆಯಿತ್ತು. ಒಂದು ಸಲ ಕಿರುಚಿದರೆ ಸಾಕು, ಯಜಮಾನರು ಮೆಣಸು ಕೊಯ್ಯುವ ಏಣಿಯಿಂದ ದಡದಡ ಇಳಿದು ಬರುತ್ತಿದ್ದರು, ಅತ್ತೆ ಊದುಗೊಳವೆ ಹಿಡಿದುಕೊಂಡೇ ಬರುತ್ತಿದ್ದರು, ಆಳುಗಳು ಕೈಯಲ್ಲಿದ್ದ ಕತ್ತಿ ಸಮೇತ ಬರುತ್ತಿದ್ದರು. ಬಂದು ನೋಡಿದರೆ ಉಪ್ಪಿನ ಡಬ್ಬಿಯ ಮೇಲೆ ಹಲ್ಲಿ. ಹೀಗೆ ನಾಲ್ಕಾರು ಸಲ ಆದ ಮೇಲೆ ಮೊದಲು ಆಳುಗಳು ಬರುವುದನ್ನು ನಿಲ್ಲಿಸಿದರು, ಆಮೇಲೆ ಯಜಮಾನರು, ಕೊನೆಗೆ ಅತ್ತೆ. ಈಗ ನಮ್ಮನೆ ನಾಯಿ ಕೂಡ ನನ್ನ ಅಯ್ಯೋಗೆ ಕಿವಿ ಎತ್ತುವುದಿಲ್ಲ.

ಇಂಥ ನಾನು ವಿಜ್ಞಾನದ ಟೀಚರ್ ಎಂದರೆ ನೀವು ನಂಬಬೇಕು. ಆಲೂರಿನಿಂದ ಒಳಕ್ಕೆ ಹೋಗುವ ರಸ್ತೆಯಲ್ಲಿ ಒಂದು ಸರ್ಕಾರಿ ಶಾಲೆ, ಅಲ್ಲಿಗೆ ದಿನಾ ಬೆಳಗಿನ ಬಸ್ಸಿನಲ್ಲಿ ಹೋಗಿ ಸಂಜೆಯ ಬಸ್ಸಿನಲ್ಲಿ ಬರುವವಳು. ವಿಜ್ಞಾನ ಓದುವವರು ಗಾಬರಿಯಾಗಬಾರದು, ಮೊದಲು ಗಮನಿಸಬೇಕು, ಆಮೇಲೆ ಯೋಚಿಸಬೇಕು ಎಂದು ಮಕ್ಕಳಿಗೆ ಹೇಳಿಕೊಡುತ್ತೇನೆ. ಹೇಳುತ್ತಿರುವಾಗಲೇ ಕಿಟಕಿಯಿಂದ ಒಂದು ಕಣಜದ ಹುಳ ಒಳಗೆ ಬಂದರೆ ಮಕ್ಕಳು ಗಮನಿಸುತ್ತಾರೆ, ನಾನು ಬೆಂಚು ಹತ್ತುತ್ತೇನೆ.

ಈ ವರ್ಷ ಎಂಟನೇ ಕ್ಲಾಸಿಗೆ ಕಣ್ಣಿನ ಪಾಠ ಮಾಡಿದೆ. ಬೋರ್ಡಿನ ಮೇಲೆ ದೊಡ್ಡದಾಗಿ ಕಣ್ಣು ಬರೆದೆ. ಅರ್ಧ ಹೆಚ್ಚಿದ ಈರುಳ್ಳಿಯ ಹಾಗೆ ಬಂತು, ಇರಲಿ. ಮುಂದೆ ಕಾರ್ನಿಯ, ಅದರ ಹಿಂದೆ ಪಾಪೆ, ಮಸೂರ, ಕೊನೆಯ ಗೋಡೆ ರೆಟಿನಾ. ನಾವು ನೋಡುವ ವಸ್ತುವಿನ ಬಿಂಬ ರೆಟಿನಾದ ಮೇಲೆ ತಲೆಕೆಳಗಾಗಿ ಬೀಳುತ್ತದೆ, ಮೆದುಳು ಅದನ್ನು ನೆಟ್ಟಗೆ ಮಾಡಿಕೊಳ್ಳುತ್ತದೆ ಎಂದೆ. ಕ್ಲಾಸಿಗೆ ಕ್ಲಾಸೇ ಬಾಯಿ ಬಿಟ್ಟಿತು. ಮೊದಲನೇ ಬೆಂಚಿನ ಸಿಂಚನ ಎದ್ದು ನಿಂತಳು. ಈ ಹುಡುಗಿಯ ಬಗ್ಗೆ ಒಂದು ಮಾತು ಹೇಳಬೇಕು. ಕಡ್ಡಿಯ ಹಾಗಿದ್ದಾಳೆ, ಎರಡು ಜಡೆ, ಒಂದು ವಿಷಯ ಹಿಡಿದರೆ ಉಡದ ಪಟ್ಟು. ಅವಳ ಮನೆ ನಮ್ಮ ತೋಟದ ಮೇಲುಗಡೆಯೇ ಇರುವುದರಿಂದ ಶಾಲೆಯಲ್ಲೂ ಅವಳ ಕಣ್ಣಿನಿಂದ ತಪ್ಪಿಸಿಕೊಳ್ಳಲಾರೆ, ಮನೆಯಲ್ಲೂ ತಪ್ಪಿಸಿಕೊಳ್ಳಲಾರೆ.

"ಅಂಗಾರೆ ಮಿಸ್, ಈಗ ನೀವು ನನ್ ಕಣ್ಣೊಳಗೆ ತಲೆಕೆಳಗಾಗಿ ನಿಂತಿದೀರಾ?"

"ಹೌದಮ್ಮ."

"ಸೀರೆ ಮಿಸ್?"

"ಸೀರೆ ಸಮೇತ, ಮರ್ಯಾದೆಯಾಗಿಯೇ ನಿಂತಿದ್ದೀನಿ. ಕೂತ್ಕೋ," ಎಂದೆ. ಆದರೂ ಸೆರಗು ಸರಿಮಾಡಿಕೊಂಡೆ.

ಪಾಠ ಅಷ್ಟಕ್ಕೇ ಮುಗಿಸಿದ್ದರೆ ನನಗೂ ಕ್ಷೇಮವಾಗಿತ್ತು, ಊರಿಗೂ ಕ್ಷೇಮವಾಗಿತ್ತು. ಆದರೆ ನಮ್ಮ ಕಡೆ ಕಣ್ಣಿಗೆ ಬರುವ ಗಂಡಾಂತರಗಳು ಒಂದೆರಡಲ್ಲ. ತೋಟದಲ್ಲಿ ಮುಂದೆ ಹೋಗುವವರು ಸರಿಸಿ ಬಿಟ್ಟ ಕಾಫಿ ರೆಕ್ಕೆ, ಅಂದರೆ ಗಿಡದ ಅಡ್ಡಕೊಂಬೆ, ಹಿಂದಿನವರ ಮುಖಕ್ಕೆ ರಪ್ಪನೆ ಬಡಿಯುತ್ತದೆ. ಹಣ್ಣು ಕೊಯ್ಯಲು ಕೈ ಚಾಚಿದರೆ ಎಲೆಗೂಡಿನಿಂದ ಚಗಳಿ ಇರುವೆಗಳು ಕಣ್ಣಿಗೇ ಹುಳಿ ಚಿಮ್ಮಿಸುತ್ತವೆ. ಮೆಣಸು ತುಳಿಯುವಾಗ ಹೊಟ್ಟು, ಔಷಧಿ ಹೊಡೆಯುವಾಗ ಸುಣ್ಣ ಮತ್ತು ಮೈಲುತುತ್ತು, ಕಳೆ ಹೊಡೆಯುವ ಮೆಷಿನ್ ಹಿಡಿದರೆ ಸಿಡಿಯುವ ಕಲ್ಲು. ಆದ್ದರಿಂದ ಮಕ್ಕಳನ್ನು ಒಂದು ಪ್ರಶ್ನೆ ಕೇಳಿದೆ: "ಕಣ್ಣಿಗೆ ಏನಾದ್ರೂ ಬಿದ್ರೆ ನಿಮ್ಮನೇಲಿ ಏನು ಮಾಡ್ತಾರೆ?"

ನೀರಿನಲ್ಲಿ ತೊಳೆಯುತ್ತಾರೆ ಎಂಬ ಉತ್ತರಕ್ಕಾಗಿ ಕಾದು ನಿಂತೆ. ಮೊದಲನೆಯವಳು, ಬಿದ್ದ ಕಣ್ಣು ಬಿಟ್ಟು ಇನ್ನೊಂದು ಕಣ್ಣು ಉಜ್ಜಬೇಕು ಎಂದಳು. ಇನ್ನೊಬ್ಬ, ಮೂರು ಸಲ ಥೂ ಥೂ ಎಂದು ಉಗುಳಿದರೆ ತಾನೇ ಬರುತ್ತದೆ ಎಂದ. ಒಬ್ಬರ ಮನೆಯಲ್ಲಿ ಹರಳೆಣ್ಣೆ, ಒಬ್ಬರ ಮನೆಯಲ್ಲಿ ಜೇನುತುಪ್ಪ. ಹಿಂದಿನ ಬೆಂಚಿನಿಂದ ಬಾಣಂತಿಯ ಎದೆಹಾಲು ಎಂಬ ಉತ್ತರವೂ ಬಂತು. "ಆದ್ರೆ ನಮ್ಮ ಲೈನ್ ಮನೆಗಳಲ್ಲಿ ಈಗ ಬಾಣಂತಿ ಯಾರೂ ಇಲ್ಲ ಮಿಸ್, ಕೆಳಗಿನ ಎಸ್ಟೇಟಿಗೆ ಹೋಗ್ಬೇಕು," ಎಂದು ಆ ಹುಡುಗಿ ತನ್ನ ಕಷ್ಟವನ್ನೂ ತೋಡಿಕೊಂಡಳು. ನಾನು ಒಂದೊಂದು ಉತ್ತರಕ್ಕೂ ಒಂದೊಂದು ಸಲ ಅಯ್ಯೋ ಎನ್ನುತ್ತ ಮೇಜು ಹಿಡಿದುಕೊಂಡೆ. ಆಗ ಸಿಂಚನ ಎದ್ದಳು.

"ಅವೆಲ್ಲ ಯಾಕ್ ಮಿಸ್? ಅಜ್ಜಿ ತಾವ ಹೋದ್ರೆ ಆಯ್ತು. ನಾಲಿಗೇಲಿ ತೆಗುದ್ಬುಡುತ್ತೆ."

"ನಾಲಿಗೇಲಾ? ಅಯ್ಯೋ! ಯಾವ ಅಜ್ಜಿ?"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಿಂಚನ ಸ್ವಲ್ಪ ಮರುಕದಿಂದ ನನ್ನ ಕಡೆ ನೋಡಿ, "ನಿಮ್ಮನೆ ಅಜ್ಜಿ ಮಿಸ್," ಎಂದಳು.

ನನಗೆ ಆಗ ಅಯ್ಯೋ ಕೂಡ ಬರಲಿಲ್ಲ. ಒಂದೇ ಸೂರಿನ ಕೆಳಗೆ ಇಷ್ಟು ವರ್ಷ ಬಾಳಿದ್ದೇನೆ. ಆ ನಾಲಿಗೆ ಉಪ್ಪು ನೋಡಿದ ಸಾರನ್ನೇ ದಿನಾ ಉಂಡಿದ್ದೇನೆ. ನಾನು ಬೆಳಗಿನ ಬಸ್ಸು ಹತ್ತಿದ ಮೇಲೆ ನಮ್ಮನೆ ಜಗಲಿ ಕಣ್ಣಿನ ಆಸ್ಪತ್ರೆಯಾಗುತ್ತದೆಂಬುದು ಊರಿಗೆಲ್ಲ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ. ಮಕ್ಕಳು ವಿವರವಾಗಿ ಹೇಳಿದರು. ಬಂದವರನ್ನು ಬಿಸಿಲಿಗೆ ಮುಖ ಮಾಡಿ ಕೂರಿಸುತ್ತಾರಂತೆ, ಎರಡು ಬೆರಳಲ್ಲಿ ರೆಪ್ಪೆ ಅಗಲಿಸಿ ನಾಲಿಗೆಯ ತುದಿಯನ್ನು ಒಂದು ಸುತ್ತು ತಿರುಗಿಸುತ್ತಾರಂತೆ, ಆಮೇಲೆ ಅಂಗೈಗೆ ಉಗುಳಿ "ನೋಡು, ಇದೇ ನಿನ್ ಕಸ" ಎಂದು ತೋರಿಸುತ್ತಾರಂತೆ. ಒಂದು ಸಲ ದೋಣಿಗಲ್ ಕಡೆಯಿಂದ ಒಬ್ಬ ಲಾರಿ ಡ್ರೈವರ್ ಲಾರಿಯನ್ನು ಗೇಟಿನಲ್ಲಿ ನಿಲ್ಲಿಸಿಯೇ ಬಂದು ತೆಗೆಸಿಕೊಂಡು ಹೋದನಂತೆ.

ಸಂಜೆ ಮನೆಗೆ ಬಂದವಳು ಚೀಲ ಇಡುವುದಕ್ಕೂ ಮೊದಲೇ ಕೇಳಿದೆ. ಅತ್ತೆ ಅಕ್ಕಿ ಆರಿಸುತ್ತಿದ್ದರು.

"ಅತ್ತೆ, ನೀವು ಜನರ ಕಣ್ಣಿಗೆ ನಾಲಿಗೆ ಹಾಕ್ತೀರಂತೆ?"

"ಹ್ಞೂಂ ಕಣವ್ವ. ಅದಕ್ಯಾಕೆ ಅಂಗೆ ಕಿರುಚ್ತೀಯ?"

"ಅಯ್ಯೋ, ಬಾಯಲ್ಲಿ ಎಷ್ಟು ಕ್ರಿಮಿ ಇರುತ್ತೆ ಗೊತ್ತಾ? ಕಣ್ಣಿಗೆ ಹುಣ್ಣಾದ್ರೆ? ದೃಷ್ಟಿನೇ ಹೋಗಬಹುದು. ಅದೂ ಎಲೆಅಡಿಕೆ ಹಾಕೋ ಬಾಯಿ!"

"ಎಲೆಅಡಿಕೆ ಉಗುದು, ಬಾಯಿ ಮುಕ್ಕಳಿಸ್ಕಂಡೇ ಮಾಡೋದು. ನಾನೇನ್ ಅಷ್ಟೂ ತಿಳೀದವಳಾ?" ಎಂದು ಅವರು ಮೊರದಲ್ಲಿ ಅಕ್ಕಿ ಜೋರಾಗಿ ಕೇರಿದರು. ಆ ದಿನ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ನೋಡಿರಲಿಲ್ಲವೆಂದು ಕಾಣುತ್ತದೆ.

ಮಾರನೆಯ ದಿನ ಕ್ಲಾಸಿನಲ್ಲಿ ಆವೇಶ ಬಂದವಳ ಹಾಗೆ ಪಾಠ ಮಾಡಿದೆ. ಕಣ್ಣು ಉಜ್ಜಬಾರದು. ಧೂಳು, ಹೊಟ್ಟು ಬಿದ್ದರೆ ಶುದ್ಧ ನೀರಲ್ಲಿ ತೊಳೆಯಬೇಕು. ಸುಣ್ಣ, ಔಷಧಿ ಸಿಡಿದರೆ ಆ ಕ್ಷಣವೇ ನೀರು ಸುರಿಯಲು ಶುರು ಮಾಡಿ ಬಹಳ ಹೊತ್ತು ಸುರಿಯುತ್ತಲೇ ಇರಬೇಕು, ಆಮೇಲೆ ಆಸ್ಪತ್ರೆ. ಕಲ್ಲೋ ಕಡ್ಡಿಯೋ ಬಲವಾಗಿ ಹೊಡೆದಿದ್ದರೆ ಮುಟ್ಟಲೂ ಬಾರದು, ಒತ್ತಲೂ ಬಾರದು, ಕಣ್ಣಿಗೆ ತಾಗದ ಹಾಗೆ ಒಂದು ಲೋಟ ಮುಚ್ಚಿಕೊಂಡು ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಕಳೆ ಮೆಷಿನ್ ಹಿಡಿಯುವವರು ಕನ್ನಡಕ ಹಾಕಲೇಬೇಕು, ಉಳಿದವರು ಆ ಕಡೆ ಸುಳಿಯಲೂ ಬಾರದು. ಎಲ್ಲ ಹೇಳಿ ಮುಗಿಸಿದ ಮೇಲೂ ನನಗೆ ಸಮಾಧಾನವಾಗಲಿಲ್ಲ. ಮನೆಗೆ ಹೋದ ಮೇಲೆ ಇವರ ಮಾತನ್ನು ಯಾರು ಕೇಳುತ್ತಾರೆ? ಆಗ ವಿಜ್ಞಾನದ ಟೀಚರ್ ಮಾಡಬಾರದ ಒಂದು ಕೆಲಸ ಮಾಡಿದೆ. ಎಲ್ಲರನ್ನೂ ನಿಲ್ಲಿಸಿ, "ಕಣ್ಣಾಣೆಗೂ ಇದನ್ನು ಪಾಲಿಸ್ತೀವಿ, ಮನೆಯವರ ಕೈಲೂ ಮಾಡಿಸ್ತೀವಿ," ಎಂದು ಆಣೆ ಮಾಡಿಸಿದೆ.

ನಮ್ಮೂರಿನಲ್ಲಿ ಕಣ್ಣಾಣೆ ಎಂದರೆ ತಮಾಷೆಯಲ್ಲ. ದೇವರ ಮೇಲಿನ ಆಣೆಗೆ ತಪ್ಪುಕಾಣಿಕೆ ಕಟ್ಟಿ ತಪ್ಪಿಸಿಕೊಳ್ಳುವವರುಂಟು, ಕಣ್ಣಾಣೆ ಮಾತ್ರ ಯಾರೂ ಮುರಿಯುವುದಿಲ್ಲ. ಮುರಿದರೆ ಹೋಗುವುದು ಕಣ್ಣು. ಮಕ್ಕಳು ಮನೆಮನೆಗೆ ನುಗ್ಗಿ ದೊಡ್ಡವರ ಕೈಲಿ ಆಣೆ ಮಾಡಿಸಿದರು. ಔಷಧಿ ಹೊಡೆಯುವವರು ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸತೊಡಗಿದರು. ಭಾನುವಾರ ಸಿಂಚನ ನಮ್ಮನೆ ಜಗಲಿಗೇ ಬಂದಳು. ಅತ್ತೆ ಎಷ್ಟು ಹೊತ್ತು ಕೊಸರಾಡಿದರೂ ಬಿಡಲಿಲ್ಲ.

"ಇನ್ಮೇಲೆ ಯಾರ್ ಕಣ್ಣಿಗೂ ನಾಲಿಗೆ ಹಾಕಲ್ಲ ಅನ್ನಿ ಅಜ್ಜಿ."

"ಯಾರೇ ಬಂದ್ರೂವಾ?"

"ಯಾರೇ ಬಂದ್ರೂ."

ಅತ್ತೆ ನನ್ನ ಕಡೆ ಒಮ್ಮೆ ಕೆಕ್ಕರಿಸಿ ನೋಡಿ, "ಆಯ್ತು ಕಣ್ ತಾಯಿ, ನನ್ ಕಣ್ಣಾಣೆಗೂ," ಎಂದರು. ನನಗೆ ಗೆದ್ದ ಹಾಗಾಯಿತು.

ಆ ಗೆಲುವು ಸೋಮವಾರ ಬೆಳಗಿನವರೆಗೆ ಬಾಳಿತು. ಹಾಜರಿ ಕರೆಯುವಾಗಲೇ ಸಿಂಚನ ಕೈ ಎತ್ತಿದಳು. "ಮಿಸ್, ನಿಮ್ಮನೆ ಸಾರ್ ನೆನ್ನೆ ಬರಿಗಣ್ಣಲ್ಲಿ ಕಳೆ ಮೆಷಿನ್ ಹೊಡೀತಿದ್ರು. ನಾನು ಕೂಗ್ದೆ, ಕೇಳಿಸ್ದಂಗೆ ಆ ಕಡೆ ತಿರುಗ್ಬುಟ್ರು." ಇಡೀ ಕ್ಲಾಸು ನನ್ನನ್ನು ನೋಡಿತು. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದರೆ ಅದಕ್ಕೆ ಹೇಗಾಗುತ್ತದೆಂದು ನನಗೆ ಅವತ್ತು ತಿಳಿಯಿತು.

ಆದರೆ ಮರ್ಯಾದೆಗಿಂತ ದೊಡ್ಡದಾದ ಭಯವೊಂದು ನನಗಿತ್ತು. ಹಿಂದೆ ವನಗೂರಿನ ಕಡೆ ಕೆಲಸದಲ್ಲಿದ್ದಾಗ ನಮ್ಮನ್ನು ಗುಡ್ಡ ಹತ್ತಿಸುತ್ತಿದ್ದ ಜೀಪಿನವನ ಅಣ್ಣನಿಗೆ ಹೀಗೇ ಮೆಷಿನ್ನಿನಿಂದ ಕಲ್ಲು ಸಿಡಿದು ಒಂದು ಕಣ್ಣು ಹೋಗಿತ್ತು. ಒಂದು ದಿನ ಅವರ ಮನೆಯಲ್ಲಿ ಕಾಫಿ ಕೊಟ್ಟರು. ಆ ಅಣ್ಣ ಬಗ್ಗಿಸಿದ ಕಾಫಿ ಲೋಟದೊಳಕ್ಕೆ ಬೀಳಲಿಲ್ಲ, ಲೋಟದ ಪಕ್ಕಕ್ಕೆ ಬಿತ್ತು. ಒಂದೇ ಕಣ್ಣಿಗೆ ದೂರ ಹತ್ತಿರದ ಅಂದಾಜು ಸಿಗುವುದಿಲ್ಲವಂತೆ. ಅವನು ನಕ್ಕು ಒರೆಸಿದ. ನನಗೆ ಆ ನಗು ಇವತ್ತಿಗೂ ನೆನಪಿದೆ. ಯಜಮಾನರು ಮರ ಹತ್ತುವವರು, ಜೀಪು ಓಡಿಸುವವರು. ಅವರ ಕಣ್ಣಿಗೆ ಏನಾದರೂ ಆದರೆ?

ಸಕಲೇಶಪುರಕ್ಕೆ ಹೋಗಿ ಹಾರ್ಡ್‌ವೇರ್ ಅಂಗಡಿಯಲ್ಲಿ ಮೆಷಿನ್ ಹೊಡೆಯುವವರ ಕನ್ನಡಕ ತಂದೆ. ಕಿವಿಯಿಂದ ಕಿವಿಗೆ ಮುಚ್ಚುವಂಥದ್ದು, ಹಿಂದೆ ಎಲಾಸ್ಟಿಕ್ ಪಟ್ಟಿ. ಯಜಮಾನರು ಒಂದು ದಿನ ಹಾಕಿದರು. "ಒಳಗೆ ಆವಿ ಕಟ್ಕಂಡು ಮಂಜು ಹಿಡೀತೈತೆ ಕಣೆ ಮಾರಾಯ್ತಿ. ಕಳೆ ಯಾವ್ದು ಗಿಡ ಯಾವ್ದು ಗೊತ್ತಾಗಲ್ಲ. ಒಂದ್ ಕಾಫಿ ಗಿಡನೇ ಹೊಡುದ್ಬುಟ್ಟೆ," ಎಂದು ಗೊಣಗಿದರು. ಆಮೇಲೆ ದಿನಾ ರಾತ್ರಿ ಊಟಕ್ಕೆ ಕೂತಾಗ ಕೇಳುತ್ತಿದ್ದೆ: "ಕನ್ನಡಕ ಎಲ್ಲಿ?" "ತೋಟದಲ್ಲೇ ಐತೆ." "ಉಪಯೋಗ ಆಗ್ತಿದೆಯಾ?" "ಏ, ಭಾಳ ಚೆನ್ನಾಗಿ ಆಗ್ತೈತೆ." ಗಂಡ ಇಷ್ಟು ಬೇಗ ದಾರಿಗೆ ಬಂದದ್ದು ಕಂಡು ನನಗೆ ನನ್ನ ಮೇಲೆಯೇ ಗೌರವ ಬಂತು.

ಒಂದು ಸಂಜೆ ಬಸ್ಸಿಳಿದು ತೋಟದ ಕಾಲುದಾರಿಯಲ್ಲಿ ಬರುತ್ತಿದ್ದೆ. ಮಂಜು ಇಳಿದಿತ್ತು. ಬಾಳೆಯ ಪಟ್ಟಿಯ ಹತ್ತಿರ ಯಜಮಾನರು ನಿಂತಿದ್ದರು. ಅದೇ ಹಳೇ ಖಾಕಿ ಕೋಟು, ಅದೇ ಟೋಪಿ, ಮುಖದ ತುಂಬ ನಾನು ತಂದ ಕನ್ನಡಕ. ನನಗೆ ಎಷ್ಟು ಸಂತೋಷವಾಯಿತೆಂದರೆ ದೂರದಿಂದಲೇ ಮಾತು ಶುರು ಮಾಡಿದೆ. "ನೋಡಿ, ಹಾಕ್ಕೊಂಡ್ರೆ ಎಷ್ಟು ಚೆನ್ನಾಗಿ ಕಾಣ್ತೀರಿ. ನಾನು ಹೇಳೋದು ನಿಮ್ಮ ಒಳ್ಳೇದಕ್ಕೇ ತಾನೇ?" ಎಂದೆ. ಅವರು ಉತ್ತರ ಕೊಡಲಿಲ್ಲ. ಅದರಲ್ಲಿ ನನಗೆ ವಿಶೇಷವೇನೂ ಕಾಣಲಿಲ್ಲ, ಅವರು ನನ್ನ ಮಾತಿಗೆ ಉತ್ತರ ಕೊಡುವುದು ಅಪರೂಪ. ಜೀಪಿನವನ ಅಣ್ಣನ ಕಥೆ ಹೇಳಿದೆ. ಹೇಳುತ್ತ ಹೇಳುತ್ತ ಕಣ್ಣು ತುಂಬಿ ಬಂತು. ಹತ್ತಿರ ಹೋಗಿ ತೋಳು ಹಿಡಿದುಕೊಂಡೆ. ತೋಳು ಕೈಗೆ ಬಂದುಬಿಟ್ಟಿತು. ಒಳಗೆ ಬರೀ ಹುಲ್ಲು.

ಮಂಗ ಹೆದರಿಸಲು ನಿಲ್ಲಿಸಿದ ಬೆರ್ಚಪ್ಪ! ನಾನು ಹೊಡೆದ ಅಯ್ಯೋಗೆ ಬಾಳೆ ಎಲೆ ಅದುರಿರಬೇಕು. ಮನೆಯಿಂದ ಯಾರೂ ಬರಲಿಲ್ಲ. ಹುಲ್ಲಿನ ತೋಳು ಹಿಡಿದುಕೊಂಡೇ ಮನೆಗೆ ಹೋಗಿ ಯಜಮಾನರ ಮುಂದೆ ಇಟ್ಟೆ. ಅವರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. "ಮಂಗ ಬರೀ ಕೋಟಿಗೆ ಹೆದರಲ್ಲ ಕಣೆ, ದೊಡ್ ದೊಡ್ ಕಣ್ಣು ಕಂಡ್ರೆ ಹೆದರ್ತವೆ. ನಿನ್ ಕನ್ನಡಕ ಹಾಕಿದ್ಮೇಲೆ ಒಂದ್ ಗೊನೆನೂ ಹೋಗಿಲ್ಲ. ಉಪಯೋಗ ಆಗ್ತೈತೆ ಅಂತ ನಾನು ಸುಳ್ ಹೇಳಿದ್ನಾ?" ಎಂದರು. ಈ ಸಲ ಅತ್ತೆ ನನ್ನ ಕಡೆಗೇ ನಿಂತರು. ಪ್ರೀತಿಗಲ್ಲ, ಹೊಟ್ಟೆಕಿಚ್ಚಿಗೆ. "ನನ್ ಕೈಲಿ ಆಣೆ ಮಾಡ್ಸುದ್ರಲ್ಲ, ಇವನ್ ಕೈಲೂ ಮಾಡ್ಸಿ," ಎಂದು ಹಟ ಹಿಡಿದರು. ಯಜಮಾನರು ಕಣ್ಣಾಣೆ ಮಾಡಿದರು. ಬೆರ್ಚಪ್ಪನ ಕನ್ನಡಕ ಕೀಳಲು ಮನಸ್ಸು ಬರದೆ ತಮಗೇ ಬೇರೆ ಒಂದು ತಂದುಕೊಂಡರು. ಅದರ ಅಂಚಿನಲ್ಲಿ ಗಾಳಿಯಾಡುವ ತೂತುಗಳಿದ್ದವು, ಮಂಜು ಹಿಡಿಯುವುದಿಲ್ಲವಂತೆ.

ಇಷ್ಟಾದರೂ ನನಗೆ ನಂಬಿಕೆ ಬರಲಿಲ್ಲ. ಬೆರ್ಚಪ್ಪನನ್ನು ಮನಸ್ಸಿನಲ್ಲಿಟ್ಟುಕೊಂಡು ಭಾಳ ಚೆನ್ನಾಗಿ ಆಗ್ತೈತೆ ಎಂದ ಗಂಡಸನ್ನು ನಂಬುವುದು ಹೇಗೆ? ಒಂದು ರಜಾ ದಿನ ಕೆಳಗಿನ ತೋಟದಿಂದ ಮೆಷಿನ್ನಿನ ಸದ್ದು ಕೇಳಿಸಿತು. ನೋಡಿಯೇಬಿಡೋಣ ಎಂದು ಸದ್ದಿಲ್ಲದೆ ಹೊರಟೆ. ಕಾಫಿ ಗಿಡಗಳ ಮಧ್ಯೆ ಬಗ್ಗಿ ಬಗ್ಗಿ ಹೋಗಿ, ಒಂದು ಸಿಲ್ವರ್ ಓಕ್ ಮರದ ಹಿಂದೆ ನಿಂತು, ರೆಕ್ಕೆ ಸರಿಸಿ ಇಣುಕಿದೆ. ಯಜಮಾನರು ನಾಲ್ಕು ಮಾರು ದೂರದಲ್ಲಿ ಕಳೆ ಹೊಡೆಯುತ್ತಿದ್ದರು. ಕಣ್ಣಿಗೆ ಕನ್ನಡಕವಿತ್ತು. ಬಿಗಿಯಾಗಿ, ನೆಟ್ಟಗೆ, ನಾನು ಕ್ಲಾಸಿನಲ್ಲಿ ಹೇಳಿದ ಹಾಗೆಯೇ ಹಾಕಿಕೊಂಡಿದ್ದರು. ನನ್ನ ಎದೆ ತುಂಬಿ ಬಂತು. ಪಾಪ, ಒಳ್ಳೆಯ ಮನುಷ್ಯ, ಸುಮ್ಮನೆ ಅನುಮಾನಪಟ್ಟೆ ಎಂದುಕೊಂಡೆ. ಅಷ್ಟರಲ್ಲಿ ನನ್ನ ಬಲಗಣ್ಣಿಗೆ ಏನೋ ಟಪ್ಪೆಂದು ಹೊಡೆಯಿತು.

ಅಯ್ಯೋ ಎಂದು ಕಿರುಚಿದೆ. ನನ್ನ ಜೀವಮಾನದ ನಿಜವಾದ ಅಯ್ಯೋ ಅದೊಂದೇ ಇರಬೇಕು. ಮೆಷಿನ್ ನಿಲ್ಲಲಿಲ್ಲ. ಆಮೇಲೆ ಕೇಳಿದ್ದಕ್ಕೆ ಯಜಮಾನರು, "ಕೇಳಿಸ್ತು ಕಣೆ, ಎಲ್ಲೋ ಹಲ್ಲಿ ಇರ್ಬೇಕು ಅಂದ್ಕಂಡೆ," ಎಂದರು. ಕಣ್ಣಿನೊಳಗೆ ಕೆಂಡ ಇಟ್ಟ ಹಾಗಿತ್ತು. ಮರಗಿಡ ಹಿಡಿದುಕೊಂಡು, ಬೀಳುತ್ತ ಏಳುತ್ತ ಜಗಲಿಗೆ ಬಂದೆ. ಅತ್ತೆ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. ಇನ್ನು ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಕಾರ್ನಿಯ, ಮಸೂರ, ರೆಟಿನಾ ಎಲ್ಲ ಆ ನೋವಿನಲ್ಲಿ ಕೊಚ್ಚಿಹೋದವು. ಅವರ ಮುಂದೆ ಕುಸಿದು ಕೂತು ಮುಖ ಎತ್ತಿ, "ಅತ್ತೆ, ತಡೆಯೋಕಾಗ್ತಿಲ್ಲ. ಒಂದೇ ಒಂದು ಸಲ ನಾಲಿಗೆ ಹಾಕಿ ತೆಗೆದುಬಿಡಿ," ಎಂದು ಅಂಗಲಾಚಿದೆ.

ಅತ್ತೆ ಎದ್ದು ಎಲೆಅಡಿಕೆ ಉಗಿದು ಬಂದರು. ನನಗೆ ಆಸೆ ಹುಟ್ಟಿತು. ಅವರು ನನ್ನ ಎರಡು ಕೈಯನ್ನೂ ಬಿಗಿಯಾಗಿ ಹಿಡಿದು ಮಡಿಲಲ್ಲಿ ಒತ್ತಿಕೊಂಡರು. "ಆಗಕಿಲ್ಲ ಕಣವ್ವ. ಕಣ್ಣಾಣೆ ಮಾಡ್ಬುಟ್ಟಿದೀನಿ."

"ನಾನೇ ಹೇಳ್ತಿದ್ದೀನಲ್ಲ ಅತ್ತೆ!"

"ಯಾರೇ ಬಂದ್ರೂ ಅಂದಿದಾಳೆ ಆ ಹುಡುಗಿ. ನೀನೂ ಅಲ್ಲೇ ನಿಂತ್ಕಂಡು ನಗ್ತಿದ್ದೆ. ಉಜ್ಜಬ್ಯಾಡ, ಕೈ ಬುಡಕಿಲ್ಲ ನಾನು."

ನಾನು ಗೋಗರೆದೆ, ಬೇಡಿಕೊಂಡೆ, ಬೈದೆ ಕೂಡ. ಅವರು ಜಗ್ಗಲಿಲ್ಲ. ಒಂದು ಕೈಯಲ್ಲಿ ನನ್ನ ಕೈಗಳನ್ನು ಅದುಮಿಯೇ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಜಗಲಿ ಕಟ್ಟೆಯ ಮೇಲೆ ಒಣಗಲು ಬೋರಲು ಹಾಕಿದ್ದ ಸ್ಟೀಲ್ ಲೋಟವನ್ನು ತೆಗೆದು ಸೆರಗಲ್ಲಿ ಒರೆಸಿ ನನ್ನ ಕಣ್ಣಿನ ಮೇಲೆ ಮೆಲ್ಲಗೆ ಮುಚ್ಚಿ ಹಿಡಿದರು. ಆಮೇಲೆ ತೋಟದ ಕಡೆ ತಿರುಗಿ, ನಾನು ಈ ಮನೆಗೆ ಬಂದಾಗಿನಿಂದ ಒಂದು ಸಲವೂ ಕೂಗದಿದ್ದವರು, "ಅಯ್ಯೋ! ಲೋಕೇಸಾ!" ಎಂದು ಕೂಗಿದರು. ಮೆಷಿನ್ ಥಟ್ಟನೆ ನಿಂತಿತು. ಯಜಮಾನರು ಓಡಿ ಬಂದರು, ಆಳುಗಳು ಕತ್ತಿ ಸಮೇತ ಬಂದರು, ನಾಯಿ ಬೊಗಳುತ್ತ ಎಲ್ಲರಿಗಿಂತ ಮುಂದೆ ಬಂತು.

ಹಾಸನದವರೆಗೆ ಜೀಪಿನಲ್ಲಿ ಲೋಟ ಹಿಡಿದುಕೊಂಡೇ ಹೋದೆ. ಒಂದು ಕಣ್ಣು ಆಡಿಸಿದರೆ ಇನ್ನೊಂದೂ ಆಡುತ್ತದೆಂದು ನಾನೇ ಹೇಳಿದ ಪಾಠ ಆಗ ನೆನಪಾಗಿ ಎರಡನ್ನೂ ಮುಚ್ಚಿಕೊಂಡೆ. ಆಲೂರು ಬಂದದ್ದು ರಸ್ತೆಯ ಉಬ್ಬಿನಿಂದ ತಿಳಿಯಿತು. ಯಜಮಾನರು ಗೇರ್ ತಪ್ಪಿಸಿ ತಪ್ಪಿಸಿ ಹಾಕುತ್ತಿರುವುದು ಸದ್ದಿನಲ್ಲೇ ತಿಳಿಯುತ್ತಿತ್ತು. ಮುಚ್ಚಿದ ಕಣ್ಣಿನ ಕತ್ತಲೆಯಲ್ಲಿ ನನಗೆ ನೆನಪಾದದ್ದು ಲೋಟದ ಪಕ್ಕಕ್ಕೆ ಬಿದ್ದ ಕಾಫಿ. ದೇವರೇ, ಒಂದು ಕಣ್ಣು ಹೋದರೆ ನಾನು ನಗುತ್ತ ಒರೆಸುವವಳಲ್ಲ, ನನಗೆ ಆ ಶಕ್ತಿ ಇಲ್ಲ, ಕಣ್ಣು ಉಳಿಸಪ್ಪಾ ಎಂದು ಬೇಡಿಕೊಂಡೆ. ಅಷ್ಟು ಹೆದರಿಕೆ ನನಗೆ ಯಾವತ್ತೂ ಆಗಿರಲಿಲ್ಲ, ಮತ್ತು ಅಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡು ಕೂತದ್ದೂ ಇರಲಿಲ್ಲ.

ಕಣ್ಣಿನ ಡಾಕ್ಟರು ಕಾರ್ನಿಯದಲ್ಲಿ ಕಚ್ಚಿಕೊಂಡಿದ್ದ ಸಣ್ಣ ಕಲ್ಲಿನ ಚೂರು ತೆಗೆದರು. ಉಜ್ಜಿದ್ದರೆ, ಒತ್ತಿದ್ದರೆ, ಬಾಯಿಗೀಯಿ ಹಾಕಿದ್ದರೆ ಕಥೆ ಬೇರೆಯಾಗುತ್ತಿತ್ತು, ಕಣ್ಣು ಉಳಿಯಿತು ಎಂದರು. ನಾನು ಅತ್ತಿದ್ದು ಆಗಲೇ. ಬ್ಯಾಂಡೇಜು ಕಟ್ಟುತ್ತ ಅವರು ಯಜಮಾನರನ್ನು ವಿಚಾರಿಸಿದರು.

"ಮೆಷಿನ್ ಹಿಡಿದಿದ್ದು ಯಾರು?"

"ನಾನೇ ಸಾರ್."

"ನಿಮ್ಮ ಕಣ್ಣಿಗೆ ಏನೂ ಆಗಿಲ್ವಾ?"

"ಇಲ್ಲ ಸಾರ್, ನಾನು ಕನ್ನಡಕ ಹಾಕಿದ್ದೆ," ಎಂದು ಯಜಮಾನರು ಹಣೆಯ ಮೇಲಿದ್ದುದನ್ನು ತೋರಿಸಿದರು.

"ಮತ್ತೆ ಇವರು ಅಲ್ಲಿ ಏನು ಮಾಡ್ತಿದ್ರು?"

"ನಾನು ಕನ್ನಡಕ ಹಾಕಿದೀನಾ ಇಲ್ವಾ ಅಂತ ನೋಡಕ್ ಬಂದಿದ್ರು ಸಾರ್."

ಡಾಕ್ಟರು ನಗಲಿಲ್ಲ. ಗೋಡೆಯ ಕಡೆ ತಿರುಗಿ ಸ್ವಲ್ಪ ಹೊತ್ತು ಕೈ ತೊಳೆದರು.

ಬ್ಯಾಂಡೇಜು ಕಟ್ಟಿಕೊಂಡು ಶಾಲೆಗೆ ಹೋದ ದಿನ ಇಡೀ ಕ್ಲಾಸು ಒಟ್ಟಿಗೆ ಅಯ್ಯೋ ಎಂದಿತು. ಸಿಂಚನ ಮಾತ್ರ ಅನ್ನಲಿಲ್ಲ. ಎದ್ದು ನಿಂತು, "ಮಿಸ್, ನೀವು ಆಣೆ ಮಾಡಿರಲಿಲ್ಲ ಅಲ್ವಾ?" ಎಂದು ಕೇಳಿದಳು. ನಿಜ, ಊರಿಗೆಲ್ಲ ಆಣೆ ಮಾಡಿಸಿದ್ದೆ, ನಾನು ಮಾಡಿರಲಿಲ್ಲ. ಅವತ್ತು ಮಾಡಿದೆ. ಯಾವ ಕಣ್ಣಿನ ಆಣೆ ಎಂದು ಅವಳು ಕೇಳಿದ್ದಕ್ಕೆ ಎರಡೂ ಎಂದೆ. ಅಂದಿನಿಂದ ಕನ್ನಡಕ ಹಾಕದೆ ತೋಟಕ್ಕೆ ಕಾಲಿಡುವುದಿಲ್ಲ. ಹೊಸದು ತರಲು ಸಕಲೇಶಪುರಕ್ಕೆ ಹೋಗಲು ಆಗಿಲ್ಲದ್ದರಿಂದ ಸದ್ಯಕ್ಕೆ ಬೆರ್ಚಪ್ಪನದನ್ನೇ ತೊಳೆದು ಹಾಕಿಕೊಳ್ಳುತ್ತಿದ್ದೇನೆ.

ನೆನ್ನೆ ಸಂಜೆ ಜಗಲಿಯಲ್ಲಿ ಕಾಫಿ ಕುಡಿಯುತ್ತ ಯಜಮಾನರು ಬಹಳ ಖುಷಿಯಲ್ಲಿದ್ದರು. ಬಾಳೆಯ ಕಡೆ ಮಂಗ ಸುಳಿಯುತ್ತಲೇ ಇಲ್ಲ ಎಂದರು. ಕನ್ನಡಕ ನನ್ನ ಹತ್ತಿರ ಇದೆಯಲ್ಲ, ಬೆರ್ಚಪ್ಪನ ಬರೀ ಕೋಟಿಗೇ ಹೆದರುತ್ತಿವೆಯಾ ಎಂದು ಕೇಳಿದೆ. "ಬೆರ್ಚಪ್ಪ ಎಲ್ಲೈತೆ? ಬಿದ್ದೋಗಿ ಎಷ್ಟೋ ದಿನ ಆಯ್ತು, ಎತ್ತಿ ನಿಲ್ಸಕ್ಕೂ ಹೋಗಿಲ್ಲ. ನೀನು ದಿನಾ ಸಂಜೆ ಅದನ್ನ ಹಾಕ್ಕಂಡು ಒಂದ್ ಸುತ್ತು ಬರ್ತೀಯಲ್ಲ, ಅಷ್ಟೇ ಸಾಕು ಕಣೆ," ಎಂದರು.

ನಾನು ಅಯ್ಯೋ ಎಂದು ಕಿರುಚಿದೆ. ಅತ್ತೆ ತಿರುಗಿ ನೋಡಲಿಲ್ಲ. ನಾಯಿ ಕಿವಿ ಎತ್ತಲಿಲ್ಲ. ಬಾಳೆಯ ಕಡೆಯಿಂದ ಮಾತ್ರ ಒಂದು ಮಂಗ ಬೆದರಿ ಕೂಗಿಕೊಂಡು ಮರದಿಂದ ಮರಕ್ಕೆ ಹಾರಿ ಓಡಿದ ಸದ್ದು ಕೇಳಿಸಿತು.